ಸುಬೇದಾರರು ಬಡಿಸುವ ದಿನ

ನಮ್ಮ ಪಡಸಾಲೆಯ ಶೋಕೇಸಿನಲ್ಲಿ ಒಂದು ಪ್ಲಾಸ್ಟಿಕ್ ತೋಪು ಬಂದು ಕೂತಿದೆ. ಬಂಗಾರದ ಬಣ್ಣ, ಎರಡು ಬಂಡಿಗಾಲಿ, ಪಕ್ಕದಲ್ಲಿ ಗುಂಡುಗಳದೊಂದು ಸಣ್ಣ ರಾಶಿ. ದೂರದಿಂದ ನೋಡಿದವರಿಗೆ ಯಾರೋ ಬುಂದಿಲಾಡು ಜೋಡಿಸಿಟ್ಟಂತೆ ಕಾಣುತ್ತದೆ. ಕೆಳಗಿನ ಪಟ್ಟಿಯ ಮೇಲೆ ‘ವೀರಯೋಧರಿಗೆ ಗೌರವ ಸಮರ್ಪಣೆ’ ಎಂದು ಬರೆದಿದೆ. ಈ ವೀರಯೋಧ ನಮ್ಮ ಕಾಕಾ, ಅಪ್ಪನ ತಮ್ಮ. ಮುರಗೋಡದ ಹತ್ತಿರದ ನಮ್ಮ ಊರಿನಿಂದ ಹೋಗಿ, ಸೈನ್ಯದ ಫಿರಂಗಿ ದಳದ ಒಂದು ರೆಜಿಮೆಂಟಿನಲ್ಲಿ ಗನ್ನರ್ ಆಗಿ ಸೇರಿ, ಸುಬೇದಾರನಾಗಿ ಮನೆಗೆ ಬಂದವನು. ಅವನು ದುಡಿದ ತೋಪಿನ ನಳಿಗೆ ನಮ್ಮ ದನದ ಕೊಟ್ಟಿಗೆಗಿಂತ ಉದ್ದ. ಅಂಥವನಿಗೆ ಕಿತ್ತೂರಿನ ಕೋಟೆಯ ಕಾಲದ ತೋಪಿನ ಆಟಿಕೆ ಕೊಡುವುದೆಂದರೆ ಟ್ರ್ಯಾಕ್ಟರ್ ಡ್ರೈವರನಿಗೆ ಮಣ್ಣೆತ್ತು ಕೊಟ್ಟ ಹಾಗೆ. ಇದನ್ನೇ ನಾನು ಊರಿನ ಯುವಕ ಸಂಘದ ಕಾರ್ಯದರ್ಶಿ ಈರಣ್ಣನಿಗೆ ಹೇಳಿದೆ. ಆತ ಶಾಂತವಾಗಿ, ‘ತೋಪ ಅಂದ್ರ ತೋಪ ಅಲ್ಲೇನ್ರಿ ಅಕ್ಕಾರ?’ ಅಂದ. ಬೈಲಹೊಂಗಲದಿಂದ ಕಿತ್ತೂರಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ಎಂಥೆಂಥ ವಾದಗಳನ್ನು ಎದುರಿಸಿದ್ದೇನೆ. ಈ ವಾಕ್ಯಕ್ಕೆ ಮಾತ್ರ ಇವತ್ತಿಗೂ ಖಂಡನೆ ಸಿಕ್ಕಿಲ್ಲ.

ಆದರೆ ನನ್ನ ಸಿಟ್ಟು ಪ್ಲಾಸ್ಟಿಕ್ಕಿನ ಮೇಲಲ್ಲ. ಅಷ್ಟೇ ಆಗಿದ್ದರೆ ಅದನ್ನು ಓಣಿಯ ಮಕ್ಕಳಿಗೆ ಆಡಲು ಕೊಟ್ಟು ಸುಮ್ಮನಾಗುತ್ತಿದ್ದೆ. ಅದು ನಮ್ಮ ಮನೆಗೆ ಬಂದ ದಿನ ಕಾಕಾನ ಹೆಂಡತಿ, ನಮ್ಮ ಚಿಗವ್ವನ ಊಟ ಹೋಯಿತು. ವರ್ಷಕ್ಕೊಮ್ಮೆ ಅವಳು ಎಲ್ಲರಿಗಿಂತ ಮೊದಲು ಕೂತು ಉಣ್ಣುವ ದಿನ ಅದು. ಅದನ್ನೇ ಕಸಿದುಕೊಂಡು ಬದಲಿಗೆ ಈ ಲಾಡಿನ ರಾಶಿ ಕೊಟ್ಟರು. ಈಗ ಹೇಳಿ, ಸಿಟ್ಟು ಬರಬೇಕೋ ಬೇಡವೋ.

ಇದು ತಿಳಿಯಬೇಕಾದರೆ ಕಾಕಾನ ರೆಜಿಮೆಂಟಿನ ಇತಿಹಾಸ ಸ್ವಲ್ಪ ಕೇಳಲೇಬೇಕು. ನಾವು ಚಿಕ್ಕವರಿದ್ದಾಗ ಉಳಿದ ಮಕ್ಕಳಿಗೆ ರಾಜಕುಮಾರಿಯ ಕಥೆ, ನಮಗೆ ರೆಜಿಮೆಂಟಿನ ಕಥೆ. ರಜೆಗೆ ಬಂದ ಕಾಕಾ ಅಂಗಳದ ಹೊರಸಿನ ಮೇಲೆ ಕೂತು, ಹೊಸ ರಂಗರೂಟರಿಗೆ ಪಾಠ ಹೇಳುವ ಧಾಟಿಯಲ್ಲಿ ಶುರು ಮಾಡುತ್ತಿದ್ದ. ಕಾಲಾಳುಗಳಿಗೆ ಬಾವುಟ ಇರುತ್ತದೆ. ತೋಪಿನವರಿಗೆ ಬಾವುಟವಿಲ್ಲ, ತೋಪೇ ಬಾವುಟ. ಅದರ ಮೇಲೆ ಕೂಡಬಾರದು, ಒರಗಬಾರದು, ಪ್ರಾಣ ಹೋದರೂ ಅದನ್ನು ಬಿಟ್ಟು ಓಡಬಾರದು. ಮನೆಯಲ್ಲಿ ತೋಪಿಲ್ಲದ ಕಾರಣ ಈ ಮರ್ಯಾದೆಯೆಲ್ಲ ಟ್ರ್ಯಾಕ್ಟರಿಗೆ ಸಲ್ಲುತ್ತಿತ್ತು. ಓಣಿಯ ಮಕ್ಕಳೆಲ್ಲ ತಮ್ಮ ತಮ್ಮ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಹೊಲಕ್ಕೆ ಹೋದರೆ ನಾವು ಹಿಂದೆ ನಡೆದುಕೊಂಡು ಹೋಗುತ್ತಿದ್ದೆವು, ಶವಯಾತ್ರೆಯಲ್ಲಿ ಹೋದ ಹಾಗೆ.

ಹಳೆಯ ತೋಪು ಗುಜರಿಗೆ ಹೋಗಿ ಹೊಸದು ಬಂದರೆ ಬಾವುಟದ ಗತಿ ಏನು ಎಂದು ನಾನೊಮ್ಮೆ ಪಾಟಿಸವಾಲು ಹಾಕಿದೆ. ಹೊಸದೂ ಬಾವುಟವೇ ಅಂದ. ಹಾಗಾದರೆ ತೋಪಿನಲ್ಲಿ ಏನೂ ಇಲ್ಲ, ಇರುವುದೆಲ್ಲ ನಿಮ್ಮ ನಂಬಿಕೆಯಲ್ಲಿ ಅಂದೆ. ‘ಹೂಂ, ಮತ್ತೇನಂತ ತಿಳಕೊಂಡಿದ್ದಿ ನೀ?’ ಅಂದ. ನಮ್ಮ ಕಾಕಾನ ದೊಡ್ಡ ತೊಂದರೆಯೇ ಇದು. ಎದುರಾಳಿ ಇಷ್ಟು ಸಂತೋಷದಿಂದ ಸೋತುಬಿಟ್ಟರೆ ಗೆದ್ದವರಿಗೆ ಏನು ರುಚಿ?

ಆ ರೆಜಿಮೆಂಟಿನ ಹಳಬರ ಕಾಲದಲ್ಲಿ ಗುಡ್ಡಗಾಡಿಗೆ ತೋಪನ್ನು ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದರಂತೆ. ಅವಕ್ಕೂ ಹೆಸರು, ಅವಕ್ಕೂ ಹಾಜರಿ. ಸಂಜೆ ತಳ ಊರಿದ ಮೇಲೆ ಮೊದಲು ಹೇಸರಗತ್ತೆಗೆ ನೀರು-ಮೇವು, ಆಮೇಲೆ ಜವಾನರ ಊಟ, ಎಲ್ಲರದೂ ಮುಗಿದ ಮೇಲೆ ಸಾಹೇಬರದು. ದೊಡ್ಡವನಾದಷ್ಟೂ ಕೊನೆಗೆ ಉಣ್ಣಬೇಕು, ಅದೇ ದೊಡ್ಡಸ್ತಿಕೆ ಎಂದು ಕಾಕಾ ಬೆರಳೆತ್ತಿ ಹೇಳಿದ. ನಾನಾಗ ಕನ್ನಡ ಸಾಲಿಯ ಹುಡುಗಿ. ಹೇಳಿದ್ದನ್ನು ಹೇಳಿದಂತೆ ನಂಬುವ ವಯಸ್ಸು. ‘ಹಂಗಾರ ನಮ್ಮ ಮನ್ಯಾಗ ಚಿಗವ್ವ ಸಾಹೇಬ ಅದಾಳೇನು?’ ಅಂತ ಕೇಳಿದೆ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವಳು ಅವಳೇ ಆಗಿದ್ದಳು. ಕಾಕಾ ನಕ್ಕು ನಕ್ಕು ಕೆಮ್ಮು ಬಂದು ನೀರು ಕೇಳಿದ. ನೀರು ತಂದುಕೊಟ್ಟ ಚಿಗವ್ವ ಮಾತ್ರ ನಗಲಿಲ್ಲ.

ಚಿಗವ್ವನ ಹೆಸರು ನೀಲವ್ವ. ನಮ್ಮ ಅವ್ವ ಸಾಲಿಯ ಟೀಚರು. ಬೆಳಗಿನ ಬಸ್ಸಿಗೆ ಸವದತ್ತಿಗೆ ಹೋದರೆ ಸಂಜೆಗೆ ಬರುವವಳು. ಹೀಗಾಗಿ ಒಲೆ ಚಿಗವ್ವನ ಪಾಲಿಗೆ ಬಂತು. ಮೊದಲು ಅಜ್ಜ, ಅಪ್ಪ, ಹೊಲದಿಂದ ಬಂದ ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಆಯಿ, ಅಂದರೆ ನಮ್ಮ ಅಜ್ಜಿ. ಕೊನೆಗೆ ಒಲೆಯ ಬೆಳಕಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ಚಿಗವ್ವ ಏನೋ ಒಂದಿಷ್ಟು ಉಣ್ಣುತ್ತಿದ್ದಳು ಎಂದು ನಾವೆಲ್ಲ ನಂಬಿಕೊಂಡಿದ್ದೆವು. ಕಂಡವರು ಯಾರೂ ಇರಲಿಲ್ಲ.

ಇಲ್ಲೊಂದು ಅಡ್ಡಮಾತು. ಮುಂದಿನ ಸಿಟ್ಟಿಗೆ ಮೊದಲು ಸ್ವಲ್ಪ ನಗುವುದು ಒಳ್ಳೆಯದು. ತೋಪು ಹಾರುವಾಗ ಗನ್ನರುಗಳು ಬಾಯಿ ತೆರೆದಿಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಆ ಧಕ್ಕೆಗೆ ಕಿವಿಯ ಪರದೆ ಹೋಗುತ್ತದೆಂದು ಕಾಕಾ ನಮಗೂ ಕಲಿಸಿದ. ಪರಿಣಾಮ ಇಷ್ಟೇ: ನಮ್ಮ ಮನೆಯ ಯಾವ ಮದುವೆಯ ಫೋಟೋ ತೆಗೆದು ನೋಡಿದರೂ ಪಟಾಕಿ ಹಾರುವ ಹೊತ್ತಿಗೆ ಇಡೀ ಮನೆತನ ಬಾಯಿ ತೆರೆದು ನಿಂತಿದೆ, ದಂತವೈದ್ಯರ ಮುಂದೆ ಸಾಲು ಹಚ್ಚಿದ ಹಾಗೆ. ಬೈಲಹೊಂಗಲದ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮೈಕು ಕಿರ್ರೆಂದಾಗ ನಾನೂ ಹಾಗೇ ತೆರೆದೆ. ಎದುರಾಳಿಯ ಮಾತಿನ ನಡುವೆ ಬಾಯಿ ಹಾಕಲು ಹೊರಟಿದ್ದೇನೆಂದು ತಿಳಿದು ನಿರ್ಣಾಯಕರು ನನ್ನ ಅಂಕ ಕಡಿದರು. ಇಷ್ಟೆಲ್ಲ ಮಾಡಿಯೂ ಕಾಕಾನ ಕಿವಿ ಉಳಿಯಲಿಲ್ಲ ಎಂಬುದು ಬೇರೆ ಮಾತು. ರಾಮದುರ್ಗದಲ್ಲಿ ಹಸನಸಾಬ ಎಂಬ ಅವನ ಯೂನಿಟ್ಟಿನ ಗೆಳೆಯನಿದ್ದಾನೆ. ಇಬ್ಬರೂ ಫೋನಿನಲ್ಲಿ ಮಾತಾಡಿದರೆ ಫೋನಿನ ಅಗತ್ಯವಿಲ್ಲವೇನೋ ಅನ್ನಿಸುತ್ತದೆ.

ಈಗ ಊಟದ ಮಾತಿಗೆ ಬರುತ್ತೇನೆ. ಆ ರೆಜಿಮೆಂಟು ಹುಟ್ಟಿದ ದಿನ ಬಡಾಖಾನಾ ಎಂಬ ದೊಡ್ಡ ಊಟ. ಅವತ್ತು ಸಾಹೇಬರು ಸೌಟು ಹಿಡಿದು ಜವಾನರಿಗೆ ಬಡಿಸುತ್ತಾರೆ. ಕೊನೆಯ ರಂಗರೂಟ ಸಾಕು ಅನ್ನುವವರೆಗೆ ಸಾಹೇಬ ಕೂಡುವಂತಿಲ್ಲ. ಕಾಕಾ ನಿವೃತ್ತನಾಗಿ ಬಂದ ಮೊದಲ ಚಳಿಗಾಲ, ಕಡಲೆ ಹೊಲದಲ್ಲಿ ಸುಲಗಾಯಿ ತುಂಬುವ ಹೊತ್ತಿಗೆ ಆ ದಿನ ಬಂತು. ಬೆಳಿಗ್ಗೆ ಗಡ್ಡ ಹೆರೆದುಕೊಂಡು, ಟೊಪ್ಪಿಗೆ ಹಾಕಿಕೊಂಡು, ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದ. ಪರೇಡಿಲ್ಲ, ಸೆಲ್ಯೂಟಿಲ್ಲ. ಎಮ್ಮೆ ಒಂದೇ ಅವನತ್ತ ನೋಡುತ್ತಿತ್ತು. ಕೊನೆಗೆ ಸೀದಾ ಅಡುಗೆಮನೆಗೆ ನುಗ್ಗಿದ. ಚಹಾ ಬೇಕೇನೋ ಎಂದುಕೊಂಡಳು ಚಿಗವ್ವ. ಅವನು ಅವಳ ಕೈಯ ಸೌಟು ಕಸಿದುಕೊಂಡು ಹೊರಗೆ ಕಳಿಸಿದ. ಪೂರಿ, ಬಟಾಟೆ ಪಲ್ಯ, ದಾಲ್ಚಿನ್ನಿ ಹಾಕಿದ ರವೆಯ ಹಲ್ವಾ ಎಲ್ಲ ತಾನೇ ಮಾಡಿದ. ಪಡಸಾಲೆಯಲ್ಲಿ ಪಂಕ್ತಿ ಹಾಕಿ ಮೊದಲ ತಾಟಿಗೆ ಚಿಗವ್ವನನ್ನು ಕೂಡ್ರಿಸಿದ. ಪಕ್ಕಕ್ಕೆ ನಮ್ಮ ಹೊಲದಲ್ಲಿ ಕಳೆ ತೆಗೆಯುವ ಯಲ್ಲವ್ವ. ಅಜ್ಜ, ಅಪ್ಪ ಕಂಬಕ್ಕೆ ಒರಗಿ ನಿಂತೇ ಇದ್ದರು.

ಚಿಗವ್ವ ಊಟ ಮಾಡುವುದನ್ನು ನಾನು ಮೊದಲು ನೋಡಿದ್ದು ಅವತ್ತೇ. ಅವಳು ಎಡಗೈಯಿಂದ ಸೆರಗು ಹಿಡಿದುಕೊಂಡು, ಸಣ್ಣ ಸಣ್ಣ ತುತ್ತು ಮಾಡಿ, ಯಾರಿಗೂ ಕೇಳದಂತೆ ಅಗಿಯುತ್ತಿದ್ದಳು. ನಾನು ಓಣಿಗೆ ಓಡಿಹೋಗಿ, ಬನ್ನಿ ನಮ್ಮ ಚಿಗವ್ವ ಉಣ್ಣುತ್ತಿದ್ದಾಳೆ ನೋಡಲಿಕ್ಕೆ ಎಂದು ಗೆಳತಿಯರನ್ನು ಕರೆತಂದೆ.

ಅಲ್ಲಿಂದ ಪ್ರತಿ ವರ್ಷ ನಮ್ಮ ಮನೆಯಲ್ಲಿ ಬಡಾಖಾನಾ. ನಾನು ಕಾಲೇಜು ಸೇರಿ, ಮಾತು ಕಲಿತು, ಎಲ್ಲದರಲ್ಲೂ ತಪ್ಪು ಹುಡುಕುವ ಹುಮ್ಮಸ್ಸಿಗೆ ಬಿದ್ದ ಮೇಲೆ ಸಹಜವಾಗಿಯೇ ಇದಕ್ಕೂ ಕೈ ಹಾಕಿದೆ. ಒಳ್ಳೆಯದೇ ಆಗಿದ್ದರೆ ವರ್ಷಕ್ಕೊಂದೇ ದಿನ ಏಕೆ ಎಂದು ಕೇಳಿದೆ. ಕಾಕಾ ಹೇಳಿದ:

‘ದಿನಾ ಬಡಸಾಕ ಹತ್ತಿದ್ರ ಅಂವಾ ಸಾಹೇಬ ಹೆಂಗ ಆಗ್ತಾನ ತಂಗಿ?’

ನೋಡಿ, ಎಷ್ಟು ಪ್ರಾಮಾಣಿಕ ಉತ್ತರ. ಒಂದು ದಿನ ಸೌಟು ಹಿಡಿಯುವುದರಿಂದಲೇ ಉಳಿದ ದಿನ ತಟ್ಟೆಯ ಮುಂದೆ ಕೂಡುವ ಹಕ್ಕು ಗಟ್ಟಿಯಾಗುತ್ತದೆ. ಸೈನ್ಯದ ಮಟ್ಟಿಗೆ ಅದಕ್ಕೂ ಒಂದು ಅರ್ಥ ಇದ್ದೀತು. ಅಲ್ಲಿ ಸಾಹೇಬನೂ ಜವಾನನೂ ಕೂಡಿ ಸಾಯಲು ಸಿದ್ಧರಾಗಿ ಹೊರಟವರು. ಅಡುಗೆಮನೆಯಲ್ಲಿ ಯಾವ ಯುದ್ಧ? ಆದರೂ ನಾನು ಆ ದಿನದ ಪರವೇ ನಿಂತೆ. ಮುಚ್ಚಿದ ಬಾಗಿಲಿಗಿಂತ ಒಂದು ಬಿರುಕಾದರೂ ಮೇಲು ಎಂಬುದು ನನ್ನ ವಾದ. ಚಿಗವ್ವನ ವಕೀಲಿ ನಾನು ವಹಿಸಿಕೊಂಡಿದ್ದೆ. ನೇಮಿಸಿದವರು ಯಾರು ಎಂದು ನೀವು ಕೇಳಬಾರದು.

ಈ ವರ್ಷ ಈರಣ್ಣನ ಸಂಘದವರು ಆ ದಿನದ ಮೇಲೆ ಕಣ್ಣು ಹಾಕಿದರು. ಸುಬೇದಾರರ ರೆಜಿಮೆಂಟಿನ ದಿನವನ್ನು ಮನೆಯೊಳಗೇ ಮುಗಿಸುವುದು ಊರಿಗೇ ಅವಮಾನ, ಸಮುದಾಯ ಭವನದಲ್ಲಿ ಸನ್ಮಾನ ಮಾಡಿ ಊರಿಗೆಲ್ಲ ಊಟ ಹಾಕೋಣ ಎಂದರು. ಕಾಕಾ ಬೇಡ ಬೇಡ ಎನ್ನುತ್ತಲೇ ಹಳೆಯ ಕೋಟಿಗೆ ಇಸ್ತ್ರಿ ಮಾಡಿಸಲು ಕೊಟ್ಟ. ಊಟಕ್ಕೆ ಏನು ಎಂಬ ಮಾತು ಬಂದಾಗ ಈರಣ್ಣ ನಿಸ್ಸಂಕೋಚವಾಗಿ, ‘ನೀಲಕ್ಕಾರ ಕೈ ಹೋಳಿಗಿ ಇರ್ಲಿಕ್ಕಂದ್ರ ಅದೇನ ಸನ್ಮಾನ್ರಿ’ ಅಂದ. ಎಲ್ಲರೂ ತಲೆ ಆಡಿಸಿದರು. ಆ ಕೈಯ ಒಡತಿ ಒಳಗಿದ್ದಳು. ಯಾರೂ ಕರೆದು ಕೇಳಲಿಲ್ಲ.

ಅವತ್ತೇ ನಾನು ಕಾಕಾನನ್ನು ಹಿಡಿದೆ. ಇದು ಬಡಾಖಾನಾವನ್ನು ತಲೆಕೆಳಗು ಮಾಡಿದಂತೆ. ಬಡಿಸಬೇಕಾದವನು ವೇದಿಕೆಯ ಮೇಲೆ, ಮೊದಲ ತಾಟಿಗೆ ಕೂಡಬೇಕಾದವಳು ಒಲೆಯ ಮುಂದೆ. ನಿನ್ನ ರೆಜಿಮೆಂಟಿನಲ್ಲಿ ಹೀಗೆ ಆಗಿದ್ದರೆ ಸುಮ್ಮನಿರುತ್ತಿದ್ದೆಯಾ ಎಂದೆ. ಊರವರು ಪ್ರೀತಿಯಿಂದ ಕರೆದಿದ್ದಾರೆ, ಮುಂದಿನ ವರ್ಷ ಮನೆಯಲ್ಲೇ ಮಾಡೋಣ ಅಂದ. ವರ್ಷಕ್ಕೊಂದೇ ದಿನ ಇದ್ದವಳಿಗೆ ಮುಂದಿನ ವರ್ಷ ಎಂದು ಹೇಳುವುದು ಎಷ್ಟು ಸುಲಭ! ಚಿಗವ್ವ ಕಡಲೆಬೇಳೆ ಆರಿಸುತ್ತಿದ್ದಳು.

ಆ ದಿನ ಭವನದ ಮುಂದೆ ದೊಡ್ಡ ಫ್ಲೆಕ್ಸು. ಕೈಯಲ್ಲಿ ಬಂದೂಕು ಹಿಡಿದು ಮಂಜಿನಲ್ಲಿ ತೆವಳುವ ಯಾವುದೋ ತರುಣ ಕಮಾಂಡೋನ ಮೈಗೆ ನಮ್ಮ ಕಾಕಾನ ಬಿಳಿಮೀಸೆಯ ಮುಖ ಅಂಟಿಸಿದ್ದರು. ಎದೆಗೆ ಎದೆ ಕೊಟ್ಟು ವೈರಿಯನ್ನು ತಡೆದವರು ಎಂದು ನಿರೂಪಕ ಕೂಗುತ್ತಿದ್ದ. ಕಾಕಾನ ಯುದ್ಧದ ಕಥೆಯಲ್ಲಿ ವೈರಿಯೇ ಬರುವುದಿಲ್ಲ. ಗಾಳಿ ಎಷ್ಟಿದೆ, ಚಳಿ ಎಷ್ಟಿದೆ, ಮದ್ದು ಎಷ್ಟು ತಣ್ಣಗಾಗಿದೆ, ಅದಕ್ಕೆ ತೋಪಿನ ಮೂತಿ ಎಷ್ಟು ಎತ್ತಬೇಕು, ಬರೀ ಇದೇ ಲೆಕ್ಕ. ಅದರ ಹೆಮ್ಮೆ ಇವರಿಗೆ ಬೇಡ. ಇವರಿಗೆ ಎದೆ ಬೇಕು.

ರೆಜಿಮೆಂಟಿನ ಪರಂಪರೆ ಕುರಿತು ಮಾತಾಡಲು ನನ್ನನ್ನು ಕರೆದರು. ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿದೆ, ಬೇಗ ಮುಗಿಸಿ ಎಂದು ಕಿವಿಯಲ್ಲಿ ಹೇಳಿದರು. ನಾನು ಬೇರೆಲ್ಲ ಬಿಟ್ಟು ಬಡಾಖಾನಾಕ್ಕೇ ಬಂದೆ. ಇವತ್ತು ದೊಡ್ಡವರು ಬಡಿಸುವ ದಿನ. ಈ ಭವನದಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರೋ ಅವರನ್ನು ಕರೆತಂದು ಮೊದಲ ಪಂಕ್ತಿಗೆ ಕೂಡ್ರಿಸಿ, ಆಗ ಮಾತ್ರ ಈ ರೆಜಿಮೆಂಟಿಗೆ ಗೌರವ ಕೊಟ್ಟಂತೆ ಎಂದೆ. ಚಪ್ಪಾಳೆಯೋ ಚಪ್ಪಾಳೆ. ಸವದತ್ತಿಯಿಂದ ಬಂದಿದ್ದ ಮುಖ್ಯ ಅತಿಥಿಗಳು, ದೊಡ್ಡ ಗುತ್ತಿಗೆದಾರರು, ಕಣ್ಣು ಒರೆಸಿಕೊಂಡು ಎದ್ದರು. ದೇಶ ಉಂಡ ಮೇಲೆ ಉಂಡವನು ಈ ಸೈನಿಕ, ಇವನಿಗಿಂತ ಕೊನೆಗೆ ಉಂಡವರು ಯಾರು ಎಂದು ಘೋಷಿಸಿ, ಹೋಳಿಗೆಯ ಬುಟ್ಟಿ ತರಿಸಿ, ಕಾಕಾನ ತಾಟಿಗೆ ಒಂದು ಹೋಳಿಗೆ ಬಡಿಸಿದರು. ಫೋಟೋದವನು ಇನ್ನೊಮ್ಮೆ ಅಂದ. ಅದೇ ಹೋಳಿಗೆಯನ್ನು ಎತ್ತಿ ಇನ್ನೊಮ್ಮೆ ಬಡಿಸಿದರು. ಚಪ್ಪಾಳೆ ಕೇಳಿ ಚಿಗವ್ವ ಹಿಂದಿನ ಬಾಗಿಲಿಗೆ ಬಂದು ನಿಂತಿದ್ದಳು. ಕೈತುಂಬ ಹಿಟ್ಟು. ಒಂದು ಕ್ಷಣ ನೋಡಿ ಒಳಗೆ ಹೋದಳು, ಅಲ್ಲಿ ಯಲ್ಲವ್ವ ಒಬ್ಬಳೇ ಹಂಚಿನ ಮುಂದಿದ್ದಳು.

ಚರ್ಚೆಯಲ್ಲಿ ಸೋತದ್ದುಂಟು. ಗೆದ್ದೂ ಇಷ್ಟು ಹೀನಾಯವಾಗಿ ಮುಖಭಂಗವಾದದ್ದು ಅದೊಂದೇ ಸಲ.

ಸಂಜೆ ಮನೆಗೆ ಬಂದ ಕಾಕಾ, ಸಂಘದವರು ಕೊಟ್ಟ ಪ್ಲಾಸ್ಟಿಕ್ ತೋಪು ಪಕ್ಕಕ್ಕಿಟ್ಟು, ಶಾಲು ಹೊದ್ದುಕೊಂಡೇ ಕೂತಿದ್ದ. ನಾನು ಬಾಗಿಲಲ್ಲೇ ಶುರು ಮಾಡಿದೆ. ಚಿಗವ್ವ ಬೆಳಗಿನಿಂದ ಏನು ಉಂಡಳು ಎಂದು ನಿನಗೆ ಗೊತ್ತೇ, ಬಡಿಸಿಕೊಂಡು ಉಂಡ ಸುಬೇದಾರನನ್ನು ನಿನ್ನ ರೆಜಿಮೆಂಟು ಕಂಡಿದೆಯೇ ಎಂದೆಲ್ಲ ಕೇಳಿದೆ. ಕಾಕಾನ ಮುಖ ಸಣ್ಣದಾಯಿತು. ಶಾಲು ತೆಗೆದಿಟ್ಟು, ತೋಳು ಮಡಚಿಕೊಂಡು, ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತ.

‘ನೀಲಾ, ಬಾ, ಕುಂಡ್ರು. ಬಡಸ್ತೇನಿ.’

ಚಿಗವ್ವ ಭವನದಿಂದ ಬಂದ ಹಿತ್ತಾಳೆಯ ಕೊಳಗ ತಿಕ್ಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

‘ನಿಮ್ಮ ಮಿಲ್ಟ್ರ್ಯಾಗ ಬಡಾಖಾನಾ ಆದ ಮ್ಯಾಲೆ ಬಾಂಡೆ ಯಾರ ತಿಕ್ಕತಿದ್ರು?’

‘ಲಂಗರದವ್ರು, ಅಡಗಿಮನಿ ಮಂದಿ,’ ಅಂದ ಕಾಕಾ.

‘ಸಾಹೇಬ್ರು ಅಲ್ಲ.’

‘ಸಾಹೇಬ್ರು ಹೆಂಗ ತಿಕ್ಕತಾರ?’

‘ಇಲ್ಲೂ ಸಾಹೇಬ್ರು ತಿಕ್ಕಲಿಲ್ರಿ.’

ನನಗೆ ಒಳಗೇ ಖುಷಿಯಾಯಿತು. ನನ್ನ ಕಕ್ಷಿದಾರಳು ಕೊನೆಗೂ ಕಟಕಟೆಗೆ ಬಂದು ಸಾಕ್ಷಿ ನುಡಿಯುತ್ತಿದ್ದಾಳೆ ಎಂದು ಒಂದು ಹೆಜ್ಜೆ ಮುಂದೆ ಬಂದೆ. ಆಗ ಅವಳು ಕೊಳಗ ಬಿಟ್ಟು ನಮ್ಮಿಬ್ಬರನ್ನೂ ನೋಡಿದಳು.

‘ಆ ದಿನಾ ನನಗ ತುತ್ತ ಇಳೀತಿದ್ದಿಲ್ಲ. ಇವರಿಗೆ ಬಡಸೂ ಹೌಸಿ, ನಿನಗ ನೋಡೂ ಹೌಸಿ. ಓಣಿ ಮಂದೀನ ಕರಕೊಂಡ ಬಂದ ನಿಂದ್ರಸಾಕಿ ನೀ. ದಾಲ್ಚಿನ್ನಿ ಅಂದ್ರ ನನಗ ಆಗೂದಿಲ್ಲ, ಇಷ್ಟ ವರ್ಷ ಆ ಹಲ್ವಾ ನುಂಗೇನಿ. ಉಂಡ ಎದ್ದ ಮ್ಯಾಲೆ ಗ್ವಾಡಿಗೆ ಸಿಡದ ಎಣ್ಣಿ ಒರಸಾಕಿನೂ ನಾನ. ನಿನಗೇನ ಬೇಕಂತ ಒಬ್ರರ ಕೇಳೀರೇನು?’

ಇಷ್ಟನ್ನೂ ಅವಳು ದನಿ ಎತ್ತರಿಸದೆ ಹೇಳಿದಳು. ತೋಪು ಹಾರಿಸಿದವರಿಗೆ ಗುಂಡು ಎಲ್ಲಿ ಬಿತ್ತೆಂದು ಕಾಣುವುದಿಲ್ಲವಂತೆ. ಮುಂದಿನ ಗುಡ್ಡದ ಮೇಲೆ ಕೂತವನೊಬ್ಬ ನೋಡಿ, ಅಷ್ಟು ಎಡಕ್ಕೆ ಬಿತ್ತು, ಇಷ್ಟು ಹಿಂದೆ ಬಿತ್ತು ಎಂದು ತಿಳಿಸಿದರೇ ಗೊತ್ತು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಕಾಕಾ ಹಾರಿಸಿದ, ನಾನು ಚಪ್ಪಾಳೆ ತಟ್ಟಿದೆ. ಬಿದ್ದ ಕಡೆಯಿಂದ ಸುದ್ದಿ ಬಂದದ್ದು ಅವತ್ತೇ.

ಕಾಕಾ, ಹಾಗಾದರೆ ಈಗ ಏನು ಮಾಡೋಣ ಎಂದು ಕೇಳಿದ. ಏನೂ ಮಾಡಬೇಡಿ ಅಂದಳು ಚಿಗವ್ವ. ಕೊಳಗ ಬೋರಲು ಹಾಕಿ, ಕೈ ತೊಳೆದುಕೊಂಡು, ಆಯಿಯ ಹಾಸಿಗೆ ಹಾಸಲು ಹೋದಳು. ನನ್ನ ಬಳಿ ಇನ್ನೂ ಎಷ್ಟೋ ವಾದಗಳಿದ್ದವು; ಯಾರ ಪರ ಮಂಡಿಸಬೇಕೆಂದೇ ತಿಳಿಯಲಿಲ್ಲ. ನನ್ನ ಸಿಟ್ಟಿಗೆ ವಿಳಾಸ ಸಿಗದ ಸಂಜೆ ಅದು.

ಮರುದಿನ ಏನೂ ವಿಶೇಷವಿಲ್ಲದ ದಿನ. ಅಪ್ಪ ಹೊಲಕ್ಕೆ ಹೊರಡುವವನು, ಕಾಕಾ ಸೊಸೈಟಿಗೆ ಹೋಗುವವನು. ಇಬ್ಬರೂ ಎಂದಿನಂತೆ ತಾಟು ಹಿಡಿದು ಒಲೆಯ ಹತ್ತಿರ ಬಂದು ಕೂತರು. ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮನೆಯಲ್ಲಿ ಹಂಚಿಗೆ ಹತ್ತಿ ಕರಕಾದ ರೊಟ್ಟಿಯೆಲ್ಲ ಚಿಗವ್ವನ ಪಾಲು. ತನಗೆ ಕರಕಲೇ ಸೇರುತ್ತದೆ ಎಂದು ಅವಳೇ ಹೇಳುತ್ತಿದ್ದಳು, ನಾವೂ ಹೌದೆಂದುಕೊಂಡಿದ್ದೆವು. ಅವತ್ತು ಹಂಚಿನ ಮೇಲೆ ಮೊದಲ ರೊಟ್ಟಿ ಒಂದು ಚುಕ್ಕೆಯೂ ಕಪ್ಪಾಗದೆ ಪುಗ್ಗೆಯಂತೆ ಉಬ್ಬಿತು. ಕಾಕಾ ತಾಟು ಮುಂದೆ ಚಾಚಿದ. ಚಿಗವ್ವ ರೊಟ್ಟಿ ಎತ್ತಿ ತನ್ನ ತಾಟಿಗೆ ಹಾಕಿಕೊಂಡಳು. ಮೇಲೆ ಒಂದು ಉಂಡೆ ಬೆಣ್ಣೆ, ಪಕ್ಕಕ್ಕೆ ಶೇಂಗಾ ಚಟ್ನಿ. ಉರಿ ಸಣ್ಣದು ಮಾಡಿ, ಗೋಡೆಯ ಕಡೆಗಲ್ಲ, ನಮ್ಮ ಕಡೆಗೆ ಮುಖ ಮಾಡಿ ಕೂತಳು.

ಅಪ್ಪ ಕಾಕಾನತ್ತ ನೋಡಿದ. ಕಾಕಾ ಖಾಲಿ ತಾಟನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡು, ರೊಟ್ಟಿ ಎಂದು ಕೇಳಿ ಅರ್ಧಕ್ಕೇ ನಿಲ್ಲಿಸಿದ.

‘ತಡೀರಿ,’ ಅಂದಳು ಚಿಗವ್ವ. ‘ಉಣ್ಣಾಕ ಹತ್ತೇನಿ.’